ಎದ್ದು ಕಾಣುವ ವಿದ್ಯೆ

ನಮ್ಮ ಟ್ಯಾಮರಾಕ್ ಊರಿನ ಲೈಬ್ರರಿಯ ನೆಲಮಾಳಿಗೆಯಲ್ಲಿ ಪ್ರತಿ ಮಂಗಳವಾರ ಬೆಳಿಗ್ಗೆ ಕೆಲಸವಿಲ್ಲದವರ ಕೂಟ ಸೇರುತ್ತಿತ್ತು. ಆದರೆ ಹಾಗೆ ಕರೆಯುವಂತಿರಲಿಲ್ಲ. ‘ಕೆಲಸವಿಲ್ಲದವರು’ ಅನ್ನಬೇಡಿ, ‘ಮುಂದಿನ ಅವಕಾಶದ ದಾರಿಯಲ್ಲಿರುವವರು’ ಅನ್ನಿ ಎಂದು ಕ್ಲೇಟನ್ ಬರ್ಫುಟ್ ನಮಗೆಲ್ಲ ತಾಕೀತು ಮಾಡಿದ್ದ. ಕಾಗದದ ಮಿಲ್ಲು ಬಾಗಿಲು ಹಾಕಿ ನಾಲ್ಕು ಚಳಿಗಾಲ ಕಳೆದಿತ್ತು. ನಾವಿನ್ನೂ ದಾರಿಯಲ್ಲೇ ಇದ್ದೆವು.

ಕ್ಲೇಟನ್ ಮಿಲ್ಲಿನಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದವನು. ಬೋಳು ತಲೆ, ದುಂಡು ಮುಖ, ಈಗ ತಾನೇ ಬಹುಮಾನ ಬಂದವನ ನಗು. ಯಂತ್ರಗಳ ಪಕ್ಕದಲ್ಲಿ ‘ನಿಮ್ಮ ಬೆರಳು ನಿಮ್ಮ ಮನೆಯವರಿಗೂ ಬೇಕು’ ಎಂಬಂಥ ಫಲಕಗಳನ್ನು ಬರೆದು ನೇತುಹಾಕುವುದು ಅವನ ಕೆಲಸವಾಗಿತ್ತು. ಮಿಲ್ಲು ಮುಚ್ಚಿದ ಮೇಲೆ ಫಲಕ ಬರೆಯುವ ಚಟ ಬಿಡಲಾಗದೆ ಈ ಕೂಟ ಶುರುಮಾಡಿದ. ಅವನಿಗೂ ಕೆಲಸವಿಲ್ಲವೆಂಬುದು ಇಡೀ ಊರಿಗೆ ಗೊತ್ತಿತ್ತು. ಕೆಲಸ ಸಿಗದವನೊಬ್ಬ ಕೆಲಸ ಗಿಟ್ಟಿಸುವುದು ಹೇಗೆಂದು ಪಾಠ ಹೇಳುತ್ತಿದ್ದ, ನಾವು ತಲೆಯಾಡಿಸುತ್ತ ಕೇಳುತ್ತಿದ್ದೆವು. ಅದನ್ನು ಬಾಯಿಬಿಟ್ಟು ಆಡುವ ಪದ್ಧತಿ ನಮ್ಮ ಕಡೆ ಇಲ್ಲ. ಒಬ್ಬನ ಕಾರು ಚರಂಡಿಗೆ ಮಗುಚಿಕೊಂಡು ಬಿದ್ದಿದ್ದರೂ ನಾವು ಮೊದಲು ಹವಾಮಾನದ ಮಾತು ತೆಗೆಯುವ ಜನ.

ನಾನು ರೊಂಡಾ ನಿಯೆಮಿ. ಮಿಲ್ಲಿನ ಗೇಟಿನಲ್ಲಿ ದಿಮ್ಮಿ ಹೇರಿಕೊಂಡು ಬರುವ ಲಾರಿಗಳನ್ನು ತೂಗಿಸುತ್ತಿದ್ದವಳು. ಚಾಲಕರಿಗೆ ಬೈದು ಬೈದು ಗಂಟಲು ಗಟ್ಟಿಯಾಗಿದೆ, ನಾಲಿಗೆಯೂ ಅಷ್ಟೇ. ಗಂಡ ಹೋಗಿ ಬಹಳ ಕಾಲವಾಯಿತು. ಸರೋವರದ ದಂಡೆಯಲ್ಲಿ ಒಂದು ಪುಟ್ಟ ಮನೆಯಿದೆ. ಹಿತ್ತಲಲ್ಲಿ ಅಪ್ಪ ಕಟ್ಟಿದ ಸೌನಾ ಇದೆ. ಶನಿವಾರ ಸಂಜೆ ಸೌದೆ ಒಲೆ ಹೊತ್ತಿಸಿ, ಕಾದ ಕಲ್ಲಿಗೆ ನೀರೆರಚಿ, ಬೆವರು ಕಿತ್ತುಬರುವ ತನಕ ಅದರೊಳಗೆ ಕೂರದಿದ್ದರೆ ನನಗೆ ವಾರ ಮುಗಿದಂತೆ ಅನಿಸುವುದಿಲ್ಲ.

ಇದೆಲ್ಲ ಕೈಬಿಟ್ಟುಹೋಗುವುದರಲ್ಲಿತ್ತು. ಕ್ಯಾಲ್ಗರಿಯಲ್ಲಿರುವ ಅಕ್ಕ ಹೆಲ್ವಿಗೆ ನಾನು ಮಾತು ಕೊಟ್ಟುಬಿಟ್ಟಿದ್ದೆ. ಈ ವಸಂತದಲ್ಲಿ ಸರೋವರದ ಮಂಜುಗಡ್ಡೆ ಒಡೆಯುವಷ್ಟರಲ್ಲಿ ಕೆಲಸ ಸಿಗದಿದ್ದರೆ ಮನೆ ಮಾರಿ, ಅವಳ ಮನೆಯ ಕೆಳಗಿನ ಕೋಣೆಗೆ ಹೋಗಿ ಇರುವುದೆಂದು. ಹೆಲ್ವಿ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು.

“ಪರದೆ ಹೊಲಿಸಿಬಿಟ್ಟೆ ಕಣೇ. ತಿಳಿ ಹಸಿರು. ನಿಂಗಿಷ್ಟ ಅಲ್ವಾ?”

“ನಂಗೆ ಹಸಿರು ಕಂಡ್ರಾಗಲ್ಲ ಅಕ್ಕ.”

“ಅಭ್ಯಾಸ ಆಗುತ್ತೆ ಬಿಡು. ಇಲ್ಲಿಗೆ ಬಂದ್ಮೇಲೆ ಎಲ್ಲಾ ಅಭ್ಯಾಸ ಆಗುತ್ತೆ.”

ಹೆಲ್ವಿ ಕೆಟ್ಟವಳಾಗಿದ್ದರೆ ಚೆನ್ನಾಗಿತ್ತು, ಜಗಳವಾಡಿ ಮುಗಿಸಬಹುದಿತ್ತು. ಅವಳು ಒಳ್ಳೆಯವಳು. ಹುಟ್ಟಿದಾಗಿನಿಂದ ಅವಳು ಹೇಳಿದ್ದೇ ಸರಿಯಾಗುತ್ತ ಬಂದಿದೆ. ಸಿಟ್ಟು ಬಂದಾಗ ದಢಾರನೆ ಹಾಕಿಕೊಳ್ಳಲು ನನಗೆ ನನ್ನದೇ ಆದ ಒಂದು ಬಾಗಿಲು ಬೇಕು. ಹೆಲ್ವಿಯ ಮನೆಯ ಬಾಗಿಲುಗಳು ಎಷ್ಟು ಜೋರಾಗಿ ಎಳೆದರೂ ಸದ್ದಿಲ್ಲದೆ ಮುಚ್ಚಿಕೊಳ್ಳುವಂಥವು.

ಇರಲಿ, ಕ್ಲೇಟನ್‌ನ ಪಾಠಕ್ಕೆ ಬರುತ್ತೇನೆ. ಅವನ ಪ್ರಕಾರ ಕೆಲಸ ಸಿಗದಿರುವುದಕ್ಕೆ ಕಾರಣ ಒಂದೇ. ನಾವು ಎದ್ದು ಕಾಣುತ್ತಿಲ್ಲ.

“ಗೆಳೆಯರೇ, ಮಿಲ್ಲಲ್ಲಿ ನಿಮ್ಗೆಲ್ಲ ಹಳದಿ ಅಂಗಿ ಯಾಕೆ ಕೊಡ್ತಿದ್ದೆ ಹೇಳಿ?” ಎಂದು ಬಿಳಿ ಹಲಗೆಯ ಮುಂದೆ ನಿಂತು ಕೇಳುತ್ತಿದ್ದ.

“ಲಾರಿ ಕೆಳಗೆ ಸಿಕ್ಕಿ ಸಾಯ್ಬಾರ್ದು ಅಂತ” ಎನ್ನುತ್ತಿದ್ದ ರೆಜಾನ್. ಅವನು ದಿಮ್ಮಿ ಎತ್ತುವ ಕ್ರೇನ್ ಓಡಿಸುತ್ತಿದ್ದವನು. ಆಳು ಕ್ರೇನಿನಷ್ಟೇ ಎತ್ತರ, ಮಾತು ಕಡಿಮೆ.

“ಅಷ್ಟೇ! ಹಳದಿ ಕಣ್ಣಿಗೆ ಮೊದ್ಲು ಬೀಳುತ್ತೆ. ಲಾರಿಯವನ ಕಣ್ಣಿಗೆ ಬೀಳೋದು ಕೆಲ್ಸ ಕೊಡೋರ ಕಣ್ಣಿಗೂ ಬೀಳುತ್ತೆ. ಸಂದರ್ಶನಕ್ಕೆ ಹೋಗುವಾಗ ಮೈಮೇಲೆ ಏನಾದ್ರೂ ಒಂದು ಹಳದಿ ಇರ್ಲಿ.”

ಹಳದಿಯಾದ ಮೇಲೆ ಬೆಣ್ಣೆ ಟಾರ್ಟು, ಮೈದಾ ಹಿಟ್ಟಿನ ಪುಟ್ಟ ಬಟ್ಟಲಿಗೆ ಪಾಕ ತುಂಬಿ ಬೇಯಿಸುವ ಸಿಹಿ. ಸಂದರ್ಶನಕ್ಕೆ ಬರಿಗೈಯಲ್ಲಿ ಹೋಗಬಾರದು, ಮನೆಯಲ್ಲೇ ಬೇಯಿಸಿದ ಟಾರ್ಟುಗಳ ಒಂದು ಡಬ್ಬಿ ಹಿಡಿದು ಹೋಗಬೇಕು. ಕಂದು ಸಕ್ಕರೆಯ ಪಾಕ ಬಾಯಲ್ಲಿರುವಾಗ ಯಾವನೂ ‘ಇಲ್ಲ’ ಅನ್ನಲಾರ. ಇದನ್ನೆಲ್ಲರೂ ಒಪ್ಪಿದರು. ತಕರಾರು ಬಂದದ್ದು ದ್ರಾಕ್ಷಿಯ ವಿಷಯಕ್ಕೆ. ಟಾರ್ಟಿಗೆ ಒಣದ್ರಾಕ್ಷಿ ಹಾಕಬೇಕೆಂದು ಕ್ಲೇಟನ್, ಹಾಕುವುದು ಪಾಪವೆಂದು ರೆಜಾನ್. ನಮ್ಮ ಕಡೆ ಈ ವಿಷಯಕ್ಕೆ ಮದುವೆಗಳೇ ಮುರಿದಿವೆ. ಆ ಮಂಗಳವಾರ ಉದ್ಯೋಗದ ಮಾತೇ ಬರಲಿಲ್ಲ.

ಮತ್ತೂ ಇತ್ತು. ‘ನಾವು ಮಾಡಿದೆವು’ ಅನ್ನಬಾರದು, ‘ನಾನೇ ನಡೆಸಿದೆ’ ಅನ್ನಬೇಕು. ನಿಮ್ಮ ದೌರ್ಬಲ್ಯವೇನು ಅಂದರೆ ‘ಕೆಲಸಕ್ಕೆ ಕೂತರೆ ಊಟ ಮರೆತುಹೋಗುತ್ತದೆ’ ಅನ್ನಬೇಕು. ಹೊರಡುವಾಗ ಬಾಗಿಲ ಬಳಿ ನಿಂತು, ಹಿಂತಿರುಗಿ ನೋಡಿ, ‘ಈ ಕೋಣೆಗೆ ನಾನು ಮತ್ತೆ ಬರುತ್ತೇನೆಂದು ಮನಸ್ಸು ಹೇಳುತ್ತಿದೆ’ ಅನ್ನಬೇಕು. ಇದನ್ನು ನಮ್ಮಿಂದ ಒಬ್ಬೊಬ್ಬರಾಗಿ ಮಾಡಿಸುತ್ತಿದ್ದ. ರೆಜಾನ್ ಹಿಂತಿರುಗುವಾಗ ಪ್ರತಿಸಲ ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಳ್ಳುತ್ತಿದ್ದ.

ಗೋಡೆಯ ಮೇಲೊಂದು ಹಿತ್ತಾಳೆಯ ಗಂಟೆ. ಮಿಲ್ಲಿನ ಕ್ಯಾಂಟೀನಿನದು, ಮುಚ್ಚುವ ದಿನ ಕ್ಲೇಟನ್ ಕೋಟಿನೊಳಗೆ ಬಚ್ಚಿಟ್ಟು ತಂದದ್ದು. ಕೆಲಸ ಸಿಕ್ಕವರು ಬಂದು ಅದನ್ನು ಬಾರಿಸಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು, ಬಾರಿಸಿದವರು ಗೆದ್ದದ್ದು ಹೇಗೆಂದು ಹೇಳಬೇಕು. ಅದನ್ನು ಯಾರಾದರೂ ಬಾರಿಸಿದ್ದಕ್ಕಿಂತ ಕ್ಲೇಟನ್ ಉಜ್ಜಿ ಹೊಳಪು ಮಾಡಿದ್ದೇ ಹೆಚ್ಚು. ಅವನಂತೂ ಅದನ್ನು ಒಮ್ಮೆಯೂ ಬಾರಿಸಿರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಎರಡನೇ ವಾರಕ್ಕೇ ಆ ಕಡೆ ತಲೆಹಾಕುತ್ತಿರಲಿಲ್ಲ. ಆದರೆ ಅವನು ದಿನಾ ಬೆಳಿಗ್ಗೆ ಏಳಕ್ಕೆ ನಮಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದ. ಇದು ಹಲಗೆಯ ಮೇಲೆ ಬರೆದ ಪಾಠವಲ್ಲ. ಅವನ ಲೆಕ್ಕದಲ್ಲಿ ಇದು ಪಾಠವೇ ಅಲ್ಲ.

“ಎದ್ಯಾ ರೊಂಡಾ? ಕೂದ್ಲು ತೊಳ್ಕೊಂಡ್ಯಾ?”

“ನಿನ್ನ ತಲೇಲಿ ಒಂದೂ ಇಲ್ಲ, ನನ್ನ ಕೂದ್ಲಿನ ಚಿಂತೆ ಯಾಕಯ್ಯ ನಿಂಗೆ? ಇಡು ಫೋನು.”

“ಬೈದ್ಯಲ್ಲ, ಎದ್ದಿದ್ದೀಯ ಅಂತಾಯ್ತು” ಎಂದು ನಕ್ಕು, ಮುಂದಿನವರಿಗೆ ಮಾಡುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದ ಮೇಲೆ ಮತ್ತೆ ಮಲಗಲಾಗುತ್ತಿರಲಿಲ್ಲ. ಎದ್ದು, ಕೂದಲು ತೊಳೆದು, ಚಪ್ಪಲಿಯ ಬದಲು ಬೂಟು ಹಾಕಿಕೊಂಡು, ಹೋಗುವ ಜಾಗವಿಲ್ಲದಿದ್ದರೂ ಹೊರಡಲು ತಯಾರಾಗಿ ಕೂರುತ್ತಿದ್ದೆ.

ಫೆಬ್ರವರಿಯಲ್ಲಿ ಲೈಬ್ರರಿಯ ಫಲಕದ ಮೇಲೆ, ಕಳೆದುಹೋದ ಬೆಕ್ಕಿನ ಚಿತ್ರದ ಪಕ್ಕ, ಒಂದು ಪ್ರಕಟಣೆ ಬಿತ್ತು. ಊರಿನಲ್ಲಿ ನಿರುದ್ಯೋಗ ಹೆಚ್ಚಿರುವುದರಿಂದ ಕೆಲಸ ಹುಡುಕುವವರಿಗೆ ಸಹಾಯ ಮಾಡಲು ಸರ್ಕಾರ ಒಬ್ಬ ಮಾರ್ಗದರ್ಶಿಯನ್ನು ನೇಮಿಸುತ್ತದೆ. ಮಂಗಳವಾರದ ಕೂಟವನ್ನು ಇನ್ನು ಮುಂದೆ ಅವರೇ ನಡೆಸಬೇಕು. ಪೂರ್ಣಾವಧಿ, ಸಂಬಳ, ಹಲ್ಲಿನ ಚಿಕಿತ್ಸೆಯ ಖರ್ಚು ಸಮೇತ. ಕೆಲಸ ಹುಡುಕಿದ ದೀರ್ಘ ಅನುಭವ ಇದ್ದವರಿಗೆ ಆದ್ಯತೆ. ಆ ಒಂದು ಅನುಭವಕ್ಕೆ ನಮ್ಮೂರಿನಲ್ಲಿ ಕೊರತೆಯಿರಲಿಲ್ಲ.

ಇಡೀ ಚಳಿಗಾಲದಲ್ಲಿ ಊರಿಗೆ ಬಂದ ಒಂದೇ ಒಂದು ಕೆಲಸ ಅದು. ಕೆಲಸವಿಲ್ಲದವರಿಗೆ ಕೆಲಸ ಹುಡುಕಲು ಕಲಿಸುವ ಕೆಲಸ.

ಆ ಮಂಗಳವಾರ ಕ್ಲೇಟನ್ ಎಂದಿನಂತೆ ಕೇಳಿದ: “ಗೆಳೆಯರೇ, ಈ ವಾರ ಯಾರಿಗಾದ್ರೂ ಎಲ್ಲಾದ್ರೂ ಏನಾದ್ರೂ ಸುಳಿವು ಸಿಕ್ತಾ?” ಎಲ್ಲಿ ಕೆಲಸವಿದೆಯೆಂದು ಗೊತ್ತಾದರೂ ಕೂಟದಲ್ಲಿ ಹೇಳಲೇಬೇಕು, ಮುಚ್ಚಿಡಬಾರದು ಎಂಬುದು ನಾವೆಲ್ಲ ಕೈಯೆತ್ತಿ ಮಾಡಿದ ಪ್ರಮಾಣ.

“ಏನಿಲ್ಲಪ್ಪ” ಎಂದಳು ಬೆವರ್ಲಿ. ಮುಚ್ಚಿಹೋದ ಬ್ಯಾಂಕಿನಲ್ಲಿ ಹಣ ಎಣಿಸುತ್ತಿದ್ದವಳು, ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತದೆ. ಕೆಂಪಾಗಿತ್ತು.

“ನಂಗೂ ಇಲ್ಲ” ಎಂದ ರೆಜಾನ್. ಹುಟ್ಟಿದ ಮೇಲೆ ಒಲೆಯ ಹತ್ತಿರ ಸುಳಿಯದ ಅವನ ತೋಳಿನ ಮೇಲೆ ಮೈದಾ ಹಿಟ್ಟು ಮೆತ್ತಿತ್ತು.

“ಇಲ್ಲ” ಎಂದೆ ನಾನು. ಒಬ್ಬೊಬ್ಬರಾಗಿ ಎಲ್ಲರೂ ಇಲ್ಲವೆಂದರು. ಕ್ಲೇಟನ್ ತಾನೂ ಏನೂ ಕಂಡಿಲ್ಲವೆಂದ. ಆಮೇಲೆ ನಾವೆಲ್ಲ ಹವಾಮಾನದ ಬಗ್ಗೆ ಮಾತಾಡಿದೆವು. ಅಂದು ಸಂಜೆ ಅಂಗಡಿಗೆ ಹೋದರೆ ಕಂದು ಸಕ್ಕರೆಯ ಕಪಾಟು ಬೋಳಾಗಿತ್ತು. ಊರಿಗೆ ಏನೋ ಜಾತ್ರೆ ಬಂದಿದೆಯಾ ಎಂದು ಅಂಗಡಿಯವಳು ಕೇಳಿದಳು.

ಸಂದರ್ಶನ ನಡೆದದ್ದು ಪುರಭವನದಲ್ಲಿ. ಲೈಬ್ರರಿಯವರಿಗೆ ನಮ್ಮೆಲ್ಲರ ಪರಿಚಯವಿದ್ದುದರಿಂದ, ಪಕ್ಷಪಾತವಾಗಬಾರದೆಂದು ನಮ್ಮ ಮುಖವನ್ನೇ ನೋಡಿರದ ಇಬ್ಬರನ್ನು ಹೊರಗಿನಿಂದ ಕರೆಸಿದ್ದರು. ನನ್ನದು ಕೊನೆಯ ಸರದಿ. ಕುತ್ತಿಗೆಗೆ ಹಳದಿ ಸ್ಕಾರ್ಫು ಸುತ್ತಿಕೊಂಡು, ಟಾರ್ಟಿನ ಡಬ್ಬಿ ಕೋಟಿನೊಳಗೆ ಅವುಚಿಕೊಂಡು ಹಿಮದಲ್ಲಿ ನಡೆದು ಹೋದೆ. ಬಾಗಿಲು ತೆರೆಯುವಾಗ ಬೆವರ್ಲಿ ಹೊರಗೆ ಬಂದಳು. ಹಳದಿ ಸ್ವೆಟರು, ಕೈಯಲ್ಲಿ ಖಾಲಿ ತಟ್ಟೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲೇ ಇಲ್ಲವೆಂಬಂತೆ ದಾಟಿ ಹೋದೆವು.

ಒಳಗೆ ಬೆಂಚಿನ ಮೇಲೆ ಕ್ಲೇಟನ್ ಕೂತಿದ್ದ. ಹಳದಿ ಟೈ. ತೊಡೆಯ ಮೇಲೆ ಡಬ್ಬಿ. ನನ್ನನ್ನು ನೋಡಿ ಅವನ ನಗು ಅರ್ಧಕ್ಕೆ ನಿಂತಿತು.

“ಚಳಿ ಸ್ವಲ್ಪ ಕಮ್ಮಿ ಇವತ್ತು” ಎಂದ.

“ಹ್ಞೂಂ. ಗಾಳಿ ಇಲ್ಲ” ಎಂದೆ.

ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಅವನು ನಾಲ್ಕು ವರ್ಷ ಬಿಟ್ಟಿ ಮಾಡಿದ ಕೆಲಸಕ್ಕೆ ಈಗ ಸಂಬಳ ಬಂದಿತ್ತು, ನಾನು ಅದನ್ನು ಕಿತ್ತುಕೊಳ್ಳಲು ಅವನೇ ಕಲಿಸಿದ ವಿದ್ಯೆ ಕಲಿತು ಬಂದು ಕೂತಿದ್ದೆ. ಅವನು ಬೈದಿದ್ದರೆ ನನಗೂ ಬಾಯಿ ಬರುತ್ತಿತ್ತು. ಅವನು ನನ್ನ ಕಡೆ ಜರುಗಿ, ಕುತ್ತಿಗೆಯ ಸ್ಕಾರ್ಫನ್ನು ಕೋಟಿನ ಕಾಲರಿನಿಂದ ಮೇಲಕ್ಕೆಳೆದು ಸರಿಮಾಡಿದ.

“ಹಳದಿ ಕಾಣಿಸ್ಬೇಕು ಕಣೇ. ಕೋಟಿನೊಳಗೆ ಹೂತಿಟ್ರೆ ಏನ್ ಪ್ರಯೋಜನ? ದ್ರಾಕ್ಷಿ ಹಾಕಿದ್ದೀಯ ತಾನೆ?”

ಅಷ್ಟರಲ್ಲಿ ಒಳಗಿನಿಂದ ಅವನ ಹೆಸರು ಕರೆದರು. ಎದ್ದು ಟೈ ನೀವಿಕೊಂಡು ಹೋದ.

ನಾನು ಒಬ್ಬಳೇ ಕೂತೆ. ಬಾಗಿಲ ಆಚೆಯಿಂದ ನಗು ಕೇಳಿಸಿತು, ಕೆಮ್ಮು ಕೇಳಿಸಿತು. ಸ್ಕಾರ್ಫು ಕಿತ್ತು ಜೇಬಿಗೆ ತುರುಕಿದೆ. ಡಬ್ಬಿ ತೆರೆದು ಒಂದು ಟಾರ್ಟು ತಿಂದೆ, ಇನ್ನೊಂದು ತಿಂದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅವನ ವಿದ್ಯೆಯನ್ನು ಅವನ ಮೇಲೇ ತಿರುಗಿಸುವುದು ನನ್ನ ಕೈಲಾಗದು, ಹಾಗೆಂದು ಎದ್ದು ಮನೆಗೆ ಹೋಗುವುದೂ ಕೈಲಾಗದು. ಡಬ್ಬಿ ಖಾಲಿಯಾಗುವ ತನಕ ತಿಂದೆ. ಕ್ಲೇಟನ್ ಹೊರಗೆ ಬರುವ ಮುನ್ನ ಬಾಗಿಲಲ್ಲಿ ನಿಂತು, ಹಿಂತಿರುಗಿ, ಆ ಕೋಣೆಗೆ ಮತ್ತೆ ಬರುತ್ತೇನೆಂದು ಮನಸ್ಸು ಹೇಳುತ್ತಿದೆ ಎಂದದ್ದು ಕೇಳಿಸಿತು. ಆಮೇಲೆ ನನ್ನ ಹೆಸರು ಕರೆದರು.

ಮೇಜಿನ ಹಿಂದೆ ಶ್ರೀಮತಿ ಚೌ ಎಂಬ ಕನ್ನಡಕದ ಹೆಂಗಸು, ಪಕ್ಕದಲ್ಲಿ ಬೆಲ್ಟು ಸಡಿಲ ಮಾಡಿಕೊಂಡು ಕೂತ ಒಬ್ಬ ದಪ್ಪ ಮನುಷ್ಯ. ಕಿಟಕಿಯ ಕಟ್ಟೆಯ ಮೇಲೆ ಟಾರ್ಟಿನ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಆ ಮನುಷ್ಯ ಮೊದಲು ನೋಡಿದ್ದು ನನ್ನ ಕೈಗಳನ್ನು.

“ನೀವೂ ತಂದಿದ್ದೀರಾ?” ಎಂದ, ಹೆದರಿದ ದನಿಯಲ್ಲಿ.

“ತಂದಿದ್ದೆ. ಹೊರಗೆ ಕೂತು ನಾನೇ ತಿಂದ್ಬಿಟ್ಟೆ.”

“ದೇವ್ರು ದೊಡ್ಡವನು” ಎಂದು ಅವನು ಕುರ್ಚಿಗೆ ಒರಗಿದ.

ಶ್ರೀಮತಿ ಚೌ ನನ್ನ ಬೂದು ಕೋಟನ್ನು ಕಣ್ಣಿಗೆ ತಂಪಾಯಿತೆಂಬಂತೆ ನೋಡಿದಳು. ನನ್ನ ಗದ್ದದ ಮೇಲೆ ಪಾಕ ಅಂಟಿದೆಯೆಂದು ಒಂದು ಕಾಗದದ ಕರವಸ್ತ್ರ ಕೊಟ್ಟಳು.

“ಈ ಮಂಗಳವಾರದ ಕೂಟ ನೀವೇ ನಡೆಸೋದಾ?”

“ನಾನ್ಯಾಕೆ ನಡೆಸ್ಲಿ? ನಾನು ಹೋಗಿ ಹಿಂದಿನ ಸಾಲಲ್ಲಿ ಕೂತು ಗೊಣಗ್ತೀನಿ.”

ಇಬ್ಬರೂ ಮುಖಮುಖ ನೋಡಿಕೊಂಡರು.

“ನಿಮ್ಮ ದೌರ್ಬಲ್ಯ?”

“ಬಾಯಿ.”

ದಪ್ಪ ಮನುಷ್ಯ ಮೊದಲ ಸಲ ಪೆನ್ನು ತೆಗೆದು ಏನೋ ಗೀಚಿದ.

“ವರ್ಷಗಟ್ಲೆ ಕೆಲ್ಸ ಸಿಗ್ದೇ ಇದ್ರೆ ಮನಸ್ಸು ಕುಗ್ಗುತ್ತೆ” ಎಂದಳು ಶ್ರೀಮತಿ ಚೌ. “ಉತ್ಸಾಹ ಉಳಿಸ್ಕೊಳ್ಳೋದು ಹೇಗೆ? ನೀವು ಜನಕ್ಕೆ ಏನು ಹೇಳ್ತೀರಾ?”

“ಉತ್ಸಾಹ ಯಾರಿಗಿರುತ್ತೆ ಹೇಳಿ. ಮಾರ್ಚಿ ತಿಂಗಳು, ಹೊರಗೆ ಸೊಂಟದ ತನಕ ಹಿಮ, ಎಲ್ಲೂ ಕೆಲ್ಸ ಇಲ್ಲ. ಉತ್ಸಾಹ ತಗೊಳ್ಳಿ ಅಂದ್ರೆ ಕೆನ್ನೆಗೆ ಬಾರಿಸ್ಬೇಕು ಅನ್ಸುತ್ತೆ. ಆದ್ರೆ ಬೆಳಿಗ್ಗೆ ಏಳಕ್ಕೆ ಒಬ್ರು ಫೋನ್ ಮಾಡಿ ‘ಎದ್ಯಾ, ಕೂದ್ಲು ತೊಳ್ಕೊಂಡ್ಯಾ’ ಅಂತ ಕೇಳ್ಬೇಕು. ದಿನಾ ಕೇಳ್ಬೇಕು. ಅವರಿಗೆ ಬೈಯೋಕಾದ್ರೂ ಎದ್ದು ಕೂರ್ತೀವಿ. ಎದ್ದು ಕೂತ್ರೆ ಆ ದಿನ ಹಾಳಾಗಿ ಹೋಗಲ್ಲ. ಇಷ್ಟೇ ನಂಗೊತ್ತಿರೋದು.”

ಶ್ರೀಮತಿ ಚೌ ಕನ್ನಡಕ ತೆಗೆದು ಒರೆಸಿಕೊಂಡಳು.

“ಇದು ಬಹಳ ಒಳ್ಳೇ ವಿಚಾರ. ನಿಮಗೆ ಹೇಗೆ ಹೊಳೀತು?”

ಹೊಳೆದದ್ದು ನನಗಲ್ಲ, ಈಗ ತಾನೇ ಹಳದಿ ಟೈ ಹಾಕಿಕೊಂಡು ಹೊರಗೆ ಹೋದನಲ್ಲ ಆ ಬೋಳುತಲೆಯವನು ನಾಲ್ಕು ವರ್ಷದಿಂದ ಮಾಡಿಕೊಂಡು ಬಂದದ್ದು ಇದು, ಕೂಟವೂ ಅವನದೇ, ಅವನನ್ನೇ ಕರೆಯಿರಿ. ಇಷ್ಟು ಹೇಳಬೇಕಿತ್ತು. ಹೇಳಲೆಂದೇ ಬಾಯಿ ತೆರೆದೆ. ತಿಳಿ ಹಸಿರು ಪರದೆ ಕಣ್ಣ ಮುಂದೆ ಬಂದು ನಿಂತಿತು.

“ಹೀಗೇ, ಇದ್ದೂ ಇದ್ದೂ” ಎಂದೆ.

ಹೊರಡುವಾಗ ಬಾಗಿಲಲ್ಲಿ ನಿಲ್ಲಲಿಲ್ಲ. ಹಿಂತಿರುಗಿಯೂ ನೋಡಲಿಲ್ಲ.

ಗುರುವಾರ ಸಂಜೆ ಶ್ರೀಮತಿ ಚೌ ಫೋನ್ ಮಾಡಿದಳು. ಕೆಲಸ ನನ್ನದು. ಆ ಬೆಳಗಿನ ಕರೆಯ ವಿಚಾರ ಮೇಲಿನವರಿಗೂ ಬಹಳ ಹಿಡಿಸಿತೆಂದೂ, ಅದನ್ನು ಕೆಲಸದ ಭಾಗವಾಗಿಯೇ ಸೇರಿಸಿದ್ದಾರೆಂದೂ ಹೇಳಿದಳು. ದಿನಾ ಬೆಳಿಗ್ಗೆ ಏಳಕ್ಕೆ ನಾನು ಕೂಟದವರಿಗೆಲ್ಲ ಫೋನ್ ಮಾಡಬೇಕು. ನಾನು ಗೋಡೆಗೆ ಒರಗಿ ನಿಂತುಕೊಂಡೆ. ಮನೆ ಉಳಿಯಿತು. ಸೌನಾ ಉಳಿಯಿತು. ಬಾಗಿಲೂ ಉಳಿಯಿತು. ಖುಷಿಯಿಂದ ಅಳು ಬಂತು, ಅಳುತ್ತಲೇ ಕೇಳಿದೆ: “ನನ್ನ ಮುಂಚೆ ಬಂದಿದ್ನಲ್ಲ, ಹಳದಿ ಟೈ, ಅವನು ಹೇಗೆ ಮಾಡಿದ?”

“ಅವ್ರಾ? ಪಾಪ, ಒಳ್ಳೇ ಮನುಷ್ಯ. ಆದ್ರೆ ಸ್ವಂತದ್ದು ಅಂತ ಒಂದು ಮಾತಿಲ್ಲ ನೋಡಿ ಅವ್ರ ಹತ್ರ. ಊಟ ಮರೆಯೋದು, ಬಾಗಿಲಲ್ಲಿ ತಿರುಗಿ ನೋಡೋದು, ಎಲ್ಲಾ ಅವ್ರಿಗಿಂತ ಮುಂಚೆ ಬಂದೋರು ಮಾಡಿದ್ದೇ. ಕೂಟ ನಾನೇ ನಡೆಸೋದು ಅಂತ ಪ್ರತಿಯೊಬ್ರೂ ಹೇಳಿ ಹೋಗಿದ್ರು, ಕೊನೆಗೆ ಅವ್ರೂ ಅದನ್ನೇ ಹೇಳಿದ್ರು. ನಗು ತಡ್ಕೊಳ್ಳೋಕೆ ಆಗ್ಲಿಲ್ಲ ನಮ್ಗೆ. ಬೇರೆಯವ್ರನ್ನ ನೋಡಿ ನಕಲು ಮಾಡೋರು ಅವ್ರು. ಎದ್ದು ಕಾಣಲ್ಲ.”

ಹೆಲ್ವಿಗೆ ಸುದ್ದಿ ಹೇಳಿದೆ. ಅವಳು “ಹಾಗಾದ್ರೆ ಪರದೆ?” ಎಂದಳು. ಅವಳ ಎಣಿಕೆ ಒಮ್ಮೆಯಾದರೂ ತಪ್ಪಾಗಲೆಂದು ನಾನು ವರ್ಷಗಟ್ಟಲೆ ಕಾದಿದ್ದೆ, ಆದರೆ ಆ ಸಂಜೆ ಅದು ನಾನೆಣಿಸಿದಷ್ಟು ರುಚಿಸಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಫೋನು ಬಂತು.

“ಎದ್ಯಾ ರೊಂಡಾ? ಕೂದ್ಲು ತೊಳ್ಕೊಂಡ್ಯಾ?”

ನಾನು ಬೈಯಲಿಲ್ಲ. ಅವನಿಗೆ ಅದರಿಂದಲೇ ಅನುಮಾನ ಬಂದಿರಬೇಕು.

“ಹುಷಾರಿಲ್ವಾ? ನಂಗೂ ಇನ್ನೂ ಅವ್ರ ಕರೆ ಬಂದಿಲ್ಲ ಕಣೇ. ಬೇಡ ಅನ್ನೋದಾದ್ರೆ ಬೇಗ ಹೇಳಿಬಿಡ್ತಾರೆ. ತಡ ಆದ್ರೆ ಒಳ್ಳೇ ಲಕ್ಷಣ.”

“ಕ್ಲೇಟನ್, ನಂಗೆ ಬಂತು. ನಿನ್ನೆ ಸಂಜೆ.”

ಹಿಂದೆಲ್ಲೋ ಅವನ ಅಡುಗೆಮನೆಯ ರೇಡಿಯೋ ಹವಾಮಾನ ಹೇಳುತ್ತಿತ್ತು.

“ಹಿಮ ಬೀಳುತ್ತಂತೆ ನಾಳೆ” ಎಂದ. ಆಮೇಲೆ, “ಮಂಗಳವಾರದಷ್ಟೊತ್ತಿಗೆ ಗಂಟೆ ಉಜ್ಜಿಡ್ತೀನಿ” ಎಂದ.

ಮಂಗಳವಾರ ಗಂಟೆ ಕನ್ನಡಿಯಾಗಿ ಹೊಳೆಯುತ್ತಿತ್ತು. ಎಲ್ಲರೂ ಬಂದಿದ್ದರು, ಎಲ್ಲರಿಗೂ ಎಲ್ಲರ ವಿಷಯ ಗೊತ್ತಿತ್ತು, ಎಲ್ಲರೂ ಹಿಮದ ಬಗ್ಗೆ ಮಾತಾಡುತ್ತಿದ್ದರು. ಕ್ಲೇಟನ್ ನನ್ನ ಕೈಹಿಡಿದು ಗಂಟೆಯ ಹತ್ತಿರ ಕರೆದೊಯ್ದ. ಬಾರಿಸಿದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ.

“ನೋಡಿದ್ರಾ ಗೆಳೆಯರೇ! ನಮ್ಮ ವಿಧಾನ ಫಲ ಕೊಡಲ್ಲ ಅಂತಿದ್ರಲ್ಲ ಕೆಲವ್ರು! ರೊಂಡಾ, ಹೇಳು ಎಲ್ರಿಗೂ. ಹಳದಿ ಕಾಣಿಸ್ತಾ ಅವ್ರಿಗೆ?”

ಅವರೆಲ್ಲ ನನ್ನ ಮುಖ ನೋಡುತ್ತಿದ್ದರು. ಜೇಬಿನಲ್ಲಿ ಆ ಸ್ಕಾರ್ಫು ಇನ್ನೂ ಮುದುಡಿಕೊಂಡು ಬಿದ್ದಿತ್ತು.

“ಕಾಣಿಸ್ತು” ಎಂದೆ.

“ಟಾರ್ಟು? ದ್ರಾಕ್ಷಿ ಹಾಕಿದ್ದಾ, ಹಾಕ್ದೇ ಇದ್ದಿದ್ದಾ?” ಎಂದ ಕ್ಲೇಟನ್.

“ಹಾಕಿದ್ದು.”

“ಛೇ, ಅಲ್ಲೇ ಎಡವಿದ್ದು ನಾನು!” ಎಂದು ರೆಜಾನ್ ತೊಡೆಗೆ ಬಡಿದುಕೊಂಡ. ಬೆವರ್ಲಿ ಅಂಗೈ ಮೇಲೆ ಪೆನ್ನಿನಲ್ಲಿ ಏನೋ ಬರೆದುಕೊಂಡಳು. ಕ್ಲೇಟನ್ ಬಿಳಿ ಹಲಗೆಯ ಮೇಲೆ ‘ದ್ರಾಕ್ಷಿ’ ಎಂದು ದೊಡ್ಡದಾಗಿ ಬರೆದು, ಕೆಳಗೆ ಗೆರೆ ಎಳೆದು, ಪೆನ್ನು ನನ್ನ ಕೈಗೆ ಕೊಟ್ಟು ಹೋಗಿ ಹಿಂದಿನ ಸಾಲಿನಲ್ಲಿ, ನನ್ನ ಕುರ್ಚಿಯಲ್ಲಿ ಕೂತ.

ನಾನು ಅಂದು ಏನು ಪಾಠ ಹೇಳಿದೆನೋ ನನಗೇ ನೆನಪಿಲ್ಲ. ಎಲ್ಲರೂ ಹೋದ ಮೇಲೆ ಕ್ಲೇಟನ್ ಎಂದಿನಂತೆ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದ. ನನ್ನ ಕಡೆ ನೋಡದೆಯೇ ಕೇಳಿದ.

“ಅವ್ರು ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ?”

ಹವಾಮಾನದ ಮಾತು ತೆಗೆಯಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

“ಹೇಳಿದ್ರು. ನಿನ್ನಂಥೋರನ್ನ ಇನ್ನೊಬ್ರನ್ನ ನೋಡಿಲ್ಲ ಅಂದ್ರು.”

ಅವನು ಮಡಚುತ್ತಿದ್ದ ಕುರ್ಚಿಯನ್ನು ಹಾಗೇ ಹಿಡಿದು ನಿಂತ. ನಿಧಾನಕ್ಕೆ ಆ ಹಳೆಯ ನಗು ಮುಖದ ತುಂಬ ಹರಡಿತು.

“ನಂಗೂ ಹಾಗೇ ಅನ್ನಿಸ್ತು ಕಣೇ. ನಾನು ಒಳಗೆ ಕಾಲಿಟ್ಟು ಡಬ್ಬಿ ಮೇಜಿನ ಮೇಲಿಟ್ಟೆ ನೋಡು, ಅವ್ರಿಬ್ರ ಮುಖಾನೇ ಬದಲಾಗಿಹೋಯ್ತು.”

ಮರುದಿನ ಬೆಳಿಗ್ಗೆ ನನ್ನ ಸಂಬಳದ ಮೊದಲ ದಿನ. ಏಳಕ್ಕೆ ಸರಿಯಾಗಿ, ಮೊದಲ ಕರೆ ಅವನಿಗೇ ಇರಲೆಂದು, ಕ್ಲೇಟನ್‌ಗೆ ಫೋನ್ ಮಾಡಿದೆ. ಸಿಗಲಿಲ್ಲ, ಅವನು ಬೇರೆ ಯಾರೊಂದಿಗೋ ಮಾತಿನಲ್ಲಿದ್ದ. ಬೆವರ್ಲಿಗೆ ಮಾಡಿದೆ. “ಎದ್ದಾಯ್ತು, ಈಗಷ್ಟೇ ಕ್ಲೇಟನ್ ಮಾಡಿದ್ದ” ಎಂದಳು. ರೆಜಾನ್‌ಗೆ ಮಾಡಿದರೆ ಅವನದೂ ಅದೇ ಮಾತು. ಮುಂದೆ ಯಾರಿಗೆ ಮಾಡುವುದೆಂದು ತಿಳಿಯದೆ ಒದ್ದೆ ಕೂದಲಿನಲ್ಲಿ ಅಡುಗೆಮನೆಯಲ್ಲಿ ನಿಂತಿದ್ದಾಗ ನನ್ನ ಫೋನು ಬಡಿದುಕೊಂಡಿತು.

“ಎದ್ಯಾ ರೊಂಡಾ? ಇವತ್ತು ಕೆಲ್ಸದ ಮೊದ್ಲನೇ ದಿನ. ತಡ ಮಾಡ್ಕೋಬೇಡ.”